ಗೋಡೆ ಓದಲು ಬಂದವನೇ ಪೇಂಟರ್

ಶಿರಸಿ ಸೀಮೆಯಲ್ಲಿ ಪೇಂಟರ್‌ಗಳಿಗೆ ಬಿಡುವೇ ಇಲ್ಲದ ಕಾಲ ಯಾವುದು ಎಂದು ಕೇಳಿದರೆ ಯಾರಾದರೂ ಹೇಳುತ್ತಾರೆ: ನವರಾತ್ರಿಯಿಂದ ಮೇ ತಿಂಗಳ ಕೊನೆಯವರೆಗೆ. ದೀಪಾವಳಿಗೆ ಮೊದಲು ಜಗುಲಿಯ ಗೋಡೆಗಾದರೂ ಬಣ್ಣ ಆಗಬೇಕು. ಮದುವೆ, ಉಪನಯನ, ಗೃಹಪ್ರವೇಶ ಇದ್ದರೆ ಇಡೀ ಮನೆಗೆ ಆಗಬೇಕು. ಶಾಲೆ, ಸೊಸೈಟಿ, ಬ್ಯಾಂಕು, ದೇವಸ್ಥಾನ ಎಲ್ಲಕ್ಕೂ ಅದೇ ಒಣ ತಿಂಗಳುಗಳೇ ಬೇಕು. ನಮ್ಮ ಹುಲೇಕಲ್ ಸುತ್ತಮುತ್ತ ಆ ಹೊತ್ತಿನಲ್ಲಿ ಪೇಂಟರ್‌ಗೆ ಫೋನ್ ಮಾಡಿದರೆ ‘ಮುಂದಿನ ತಿಂಗಳು ನೋಡುವಾ’ ಎಂಬ ಉತ್ತರ ಬರುತ್ತದೆ. ಕೆಲಸ ಇದೆ, ಕೈ ಕಡಿಮೆ. ಅದೇ ಊರುಗಳಲ್ಲಿ ಡಿಗ್ರಿ ಮುಗಿಸಿ, ಮೊಬೈಲ್‌ನಲ್ಲಿ ನೇಮಕಾತಿ ಅಧಿಸೂಚನೆ ನೋಡುತ್ತ ಕುಳಿತ ನಮ್ಮ ವಯಸ್ಸಿನವರೂ ಇದ್ದಾರೆ.

‘ಬಣ್ಣ ಬಳಿಯುವುದು ಏನು ಮಹಾ ಕೆಲಸ’ ಎಂಬ ಮಾತು ಈ ಎರಡರ ನಡುವೆ ನಿಂತಿದೆ. ನಾನು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕಟ್ಟಡ ಸಾಮಗ್ರಿಗಳ ಪಾಠದಲ್ಲಿ ಪೇಂಟ್ ಎಂಬುದು ಕೊನೆಯಲ್ಲಿ ಬಂದು ಬೇಗ ಮುಗಿದುಹೋಗುವ ವಿಷಯ. ರಜೆಯಲ್ಲಿ ಊರಿನ ಹಿರಿಯ ಪೇಂಟರ್ ಒಬ್ಬರ ಜೊತೆ ಕೆಲವು ದಿನ ಓಡಾಡಿದೆ. ಅವರು ಬಾಯಲ್ಲಿ ಹೇಳಿದ್ದನ್ನು ನನ್ನ ಪುಸ್ತಕದ ಜೊತೆ ಹೋಲಿಸಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು: ಈ ವೃತ್ತಿಯಲ್ಲಿ ಬ್ರಷ್ ಹಿಡಿಯುವುದು ಕೊನೆಯ ಹಂತ. ಅದಕ್ಕೆ ಮೊದಲಿನ ಕೆಲಸಕ್ಕೇ ನಿಜವಾದ ತಿಳಿವಳಿಕೆ ಬೇಕು.

ಮಳೆ ನಾಡಿನಲ್ಲಿ ಬಣ್ಣ ಅಂದರೆ ಛತ್ರಿ

ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಕಷ್ಟ. ಗಾಳಿಯ ಜೊತೆ ಬರುವ ಎರಚಲು ತಡೆಯಲು ಹಿಂದಿನವರು ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಕೆಲವು ಮನೆಗಳಲ್ಲಿ ಈಗಲೂ ಕಟ್ಟುತ್ತಾರೆ. ಗೋಡೆಯ ಮೇಲಿನ ಬಣ್ಣ ಮಾಡುವುದೂ ಅದೇ ಕೆಲಸ. ನೀರು ಒಳಗೆ ಇಳಿಯದಂತೆ, ಪಾಚಿ ಬೇರು ಬಿಡದಂತೆ, ಕಿಟಕಿಯ ಸರಳು ತುಕ್ಕು ಹಿಡಿಯದಂತೆ, ಬಾಗಿಲಿನ ಮರ ಕುಂಬಾಗದಂತೆ ಅದು ಕಾಯುತ್ತದೆ. ಚಂದ ಕಾಣುವುದು ಅದರ ಎರಡನೆಯ ಉಪಯೋಗ.

ಇದು ನಮ್ಮ ಊರಿನ ಮಾತಷ್ಟೇ ಅಲ್ಲ. 1889ರಲ್ಲಿ ಎದ್ದು ನಿಂತ ಪ್ಯಾರಿಸ್‌ನ ಐಫೆಲ್ ಗೋಪುರ ಕಬ್ಬಿಣದ್ದು. ಸರಿಸುಮಾರು ಏಳು ವರ್ಷಕ್ಕೊಮ್ಮೆ ಅದಕ್ಕೆ 60 ಟನ್ ಬಣ್ಣ ಹಚ್ಚುತ್ತ ಬಂದಿದ್ದಾರೆ. ಹಾಗೆ ಮಾಡದಿದ್ದರೆ ತುಕ್ಕು ಅದನ್ನು ಎಂದೋ ತಿಂದುಹಾಕುತ್ತಿತ್ತು. ಕಟ್ಟಿದ ಇಂಜಿನಿಯರ್ ಹೆಸರು ಎಲ್ಲರಿಗೂ ಗೊತ್ತು. ಉಳಿಸಿದ ಪೇಂಟರ್‌ಗಳ ಹೆಸರು ಕೇಳಿದವರಿಲ್ಲ.

ಮೊದಲು ಕಾಯಿಲೆ ಯಾವುದು ನೋಡಬೇಕು

ಬಣ್ಣ ಎದ್ದ ಗೋಡೆ ಕಂಡರೆ ನಾವು ಅಂಗಡಿಗೆ ಹೋಗಿ ಒಳ್ಳೆಯ ಬ್ರ್ಯಾಂಡ್ ಯಾವುದು ಎಂದು ಕೇಳುತ್ತೇವೆ. ಅನುಭವಿ ಪೇಂಟರ್ ಮೊದಲು ಗೋಡೆಯ ಹೊರಗೆ ಒಂದು ಸುತ್ತು ಬರುತ್ತಾರೆ. ನಾನು ಜೊತೆಗಿದ್ದವರು ಹೇಳಿದ್ದು ಹೀಗೆ: “ತಮಾ, ಬಣ್ಣ ಯಾರು ಬೇಕಾದ್ರೂ ಹಚ್ತಾರೆ. ಗೋಡೆ ಯಾಕೆ ಒದ್ದೆ ಆಗ್ತದೆ ಅಂತ ಹೇಳೋಕೆ ಬರ್ಬೇಕು.”

ಒದ್ದೆಯ ಜಾಗ ನೋಡಿಯೇ ಕಾರಣ ಊಹಿಸಬಹುದು. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಪಟ್ಟಿಯಂತೆ ಒದ್ದೆ ಇದ್ದರೆ ತಳಪಾಯದಿಂದ ನೀರು ಏರುತ್ತಿದೆ ಎಂದು ಅರ್ಥ. ಮೇಲಿನಿಂದ ಕಲೆ ಇಳಿದು ಬಂದಿದ್ದರೆ ಹಂಚು ಒಡೆದಿದೆ, ಇಲ್ಲವೇ ತಾರಸಿಯ ನೀರು ಹೋಗುವ ಪೈಪು ಕಟ್ಟಿದೆ. ಬಚ್ಚಲುಮನೆಯ ಹಿಂದಿನ ಗೋಡೆಯಷ್ಟೇ ನೆನೆದಿದ್ದರೆ ಒಳಗಿನ ನಲ್ಲಿ ಪೈಪು ಸೋರುತ್ತಿರಬಹುದು. ಬಿಳಿ ಹುಡಿ ಹೊರಗೆ ಬಂದಿದ್ದರೆ ಅದು ಉಪ್ಪು. ಇಟ್ಟಿಗೆ, ಗಾರೆಯಲ್ಲಿರುವ ಲವಣ ನೀರಿನಲ್ಲಿ ಕರಗಿ ಮೇಲಕ್ಕೆ ಬಂದು, ನೀರು ಆರಿದ ಮೇಲೆ ಹರಳಾಗಿ ಉಳಿದು ಬಣ್ಣವನ್ನು ದೂಡುತ್ತದೆ. ಉಪ್ಪನ್ನು ಒಣ ಬ್ರಷ್‌ನಿಂದ ತೆಗೆಯಬೇಕು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ಅನುಮಾನ ಇದ್ದಾಗ ಮಾಡುವ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಹಿಂಬದಿಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗೇ ಇದೆ. ಹೊರಮೈ ಮೇಲೆ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ. ಮೊದಲನೆಯದಕ್ಕೆ ಸೋರಿಕೆ ನಿಲ್ಲಿಸಬೇಕು, ಎರಡನೆಯದಕ್ಕೆ ಕಿಟಕಿ ತೆರೆದರೆ ಸಾಕಾಗಬಹುದು. ಖರ್ಚು ಹತ್ತು ರೂಪಾಯಿಯೂ ಇಲ್ಲ. ಈ ಪರೀಕ್ಷೆ ಮಾಡದೆ ಹಚ್ಚಿದ ದುಬಾರಿ ಬಣ್ಣ ಮುಂದಿನ ಮಳೆಗಾಲಕ್ಕೆ ಸಿಪ್ಪೆಯಾಗಿ ಏಳುತ್ತದೆ.

ಹಳೆ ಮನೆಗೆ ಹೊಸ ಬಣ್ಣ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳ ಗೋಡೆ ಚಿರೆಕಲ್ಲಿನದ್ದು ಅಥವಾ ಮಣ್ಣಿನದ್ದು. ಅವಕ್ಕೆ ಶೇಡಿ, ಕೆಮ್ಮಣ್ಣು ಅಥವಾ ಸುಣ್ಣ ಹಚ್ಚುತ್ತಿದ್ದರು. ಚಿರೆಕಲ್ಲು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಈ ಉಸಿರಾಟಕ್ಕೆ ಅಡ್ಡಿಯಾಗುವುದಿಲ್ಲ. ನೀರಿನಲ್ಲಿ ಅರಳಿಸಿದ ಸುಣ್ಣ ಗೋಡೆಯ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಿನ ಗುಣಕ್ಕೆ ತಿರುಗುತ್ತದೆ. ಪಿಯುಸಿಯಲ್ಲಿ ನಾವು ಬರೆದ ಕ್ಯಾಲ್ಸಿಯಂ ಕಾರ್ಬೊನೇಟ್ ಸಮೀಕರಣ ಅದೇ. ಜೊತೆಗೆ ಸುಣ್ಣದ ಕ್ಷಾರಗುಣದಿಂದ ಬೂಸ್ಟು ಬೇಗ ಹಿಡಿಯುವುದಿಲ್ಲ.

ಇಂಥ ಗೋಡೆಗೆ ಹೊಳಪಿನ ಎನಾಮಲ್ ಅಥವಾ ದಪ್ಪ ಪ್ಲಾಸ್ಟಿಕ್ ಪದರದ ಪೇಂಟ್ ಹಚ್ಚಿದರೆ ಒಳಗೆ ಸೇರಿದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಮೊದಲ ವರ್ಷ ಗೋಡೆ ಕನ್ನಡಿಯಂತಿರುತ್ತದೆ. ಆಮೇಲೆ ಗುಳ್ಳೆ ಏಳುತ್ತದೆ, ಗಾರೆಯೇ ಕಳಚಿ ಬೀಳುತ್ತದೆ. ಹಾಗಾಗಿ ಹಳೆಯ ಮನೆಗೆ ಏನು ಹಚ್ಚಬಾರದು ಎಂದು ಮನೆಯವರಿಗೆ ತಿಳಿಸಿ ಹೇಳುವುದೂ ಪೇಂಟರ್‌ನ ಕೆಲಸವೇ. ಹೆಚ್ಚು ದರದ ಬಣ್ಣ ಬೇಡ ಎಂದು ತಾನೇ ಹೇಳುವುದಕ್ಕೆ ಪ್ರಾಮಾಣಿಕತೆಯೂ ಬೇಕು.

ಸುಣ್ಣದ ಗೋಡೆಯ ಬಾಳಿಕೆ ನೋಡಬೇಕೆಂದರೆ ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಬಹುದು. ಅಲ್ಲಿ ಕಾವಿ ಕಲೆಯ ಚಿತ್ರಗಳಿವೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬೆರೆಸಿದ ಸುಣ್ಣದ ತೆಳು ಪದರ ಹಚ್ಚಿ, ಹಸಿ ಇರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ತೋರಿಸುವ ಕಲೆ ಅದು. ಕೊಂಕಣ ಕರಾವಳಿಯಿಂದ ನಮ್ಮ ಘಟ್ಟದವರೆಗೆ ಹಬ್ಬಿತ್ತು. ಬಣ್ಣ ಗೋಡೆಯ ಮೇಲೆ ಕೂತಿರುವುದಿಲ್ಲ, ಗೋಡೆಯ ಭಾಗವೇ ಆಗಿರುತ್ತದೆ. ಅದಕ್ಕೇ ಇಷ್ಟು ಮಳೆಯಲ್ಲೂ ಉಳಿದಿದೆ.

ನಮ್ಮ ಕಡೆಯದೇ ಇನ್ನೊಂದು ಸಮಸ್ಯೆ ಅಡಿಕೆ ಚೊಗರು. ಅಡಿಕೆ ಬೇಯಿಸುವ ಜಾಗದ ಗೋಡೆಗೆ ಸಿಡಿದ ಚೊಗರಿನ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದರಲ್ಲಿರುವ ಟ್ಯಾನಿನ್ ನೀರಿನಲ್ಲಿ ಕರಗುವಂಥದ್ದು. ನೀರು ಆಧಾರಿತ ಎಮಲ್ಷನ್ ಹಚ್ಚಿದರೆ ಕಂದು ಕಲೆ ಮತ್ತೆ ಮೇಲೆದ್ದು ಬರುತ್ತದೆ. ಮೊದಲು ಎಣ್ಣೆ ಆಧಾರಿತ ಪ್ರೈಮರ್ ಹಾಕಿ ಅದನ್ನು ಮುಚ್ಚಿ, ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಬಚ್ಚಲ ಒಲೆ, ಅಡುಗೆಮನೆಯ ಹೊಗೆಮಸಿಗೂ ಹಾಗೆಯೇ: ಸೋಪಿನ ನೀರಿನಿಂದ ತೊಳೆದು ಒಣಗಿಸದೆ ಮುಂದೆ ಹೋಗುವ ಹಾಗಿಲ್ಲ.

ಕೆರೆಯುವುದೇ ಹೆಚ್ಚು, ಬಳಿಯುವುದು ಕಡಿಮೆ

ಕಾಯಿಲೆ ಗೊತ್ತಾಗಿ, ಸೋರಿಕೆ ನಿಂತ ಮೇಲೆ ತಯಾರಿ ಶುರು. ಸಡಿಲವಾದ ಹಳೆ ಬಣ್ಣ ಕೆರೆಯಬೇಕು. ಪಾಚಿ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬ್ರಷ್ ಹಾಕಿ ತೊಳೆದು ಒಣಗಿಸಬೇಕು. ಇಲ್ಲೊಂದು ಎಚ್ಚರಿಕೆ: ಬ್ಲೀಚಿಂಗ್ ಪೌಡರ್‌ಗೆ ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಬಿರುಕನ್ನು ಮೇಲಿಂದ ಮೇಲೆ ಮುಚ್ಚಿದರೆ ಮತ್ತೆ ಬಾಯಿ ಬಿಡುತ್ತದೆ. ಅದನ್ನು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಸ್ವಲ್ಪ ಅಗಲ ಮಾಡಿ, ಹುಡಿ ತೆಗೆದು, ನಂತರ ತುಂಬಬೇಕು. ಕೂದಲೆಳೆಯ ಬಿರುಕು ಪೇಂಟರ್ ಕೆಲಸ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುತ್ತ ದಿನೇ ದಿನೇ ಅಗಲವಾಗುವ ಬಿರುಕು ಇಂಜಿನಿಯರ್ ನೋಡಬೇಕಾದದ್ದು. ಎರಡರ ವ್ಯತ್ಯಾಸ ಮೊದಲು ಕಣ್ಣಿಗೆ ಬೀಳುವುದು ಏಣಿಯ ಮೇಲಿರುವವರಿಗೆ. ಅವರು ಬಾಯಿಬಿಟ್ಟು ಹೇಳಿದರೆ ಒಂದು ಕಟ್ಟಡವೇ ಉಳಿಯಬಹುದು.

ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಬಿಡಬೇಕು. ಹಸಿ ಗಾರೆಯ ತೇವ ಮತ್ತು ಕ್ಷಾರ ಬಣ್ಣವನ್ನು ಹಾಳುಮಾಡುತ್ತವೆ. ಬಳಿಕ ಪುಟ್ಟಿ, ಉಜ್ಜುವುದು, ಪ್ರೈಮರ್, ಎರಡು ಕೋಟ್ ಬಣ್ಣ. ಉಜ್ಜುವಾಗ ಬಲ್ಬ್‌ನ್ನು ಗೋಡೆಗೆ ಪಕ್ಕದಿಂದ ಹಿಡಿಯುತ್ತಾರೆ. ಎದುರಿನ ಬೆಳಕಿನಲ್ಲಿ ಕಾಣದ ಉಬ್ಬು ತಗ್ಗು ಓರೆ ಬೆಳಕಿನಲ್ಲಿ ನೆರಳಾಗಿ ಕಾಣುತ್ತದೆ. ಮೊದಲು ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಅಂಚುಗಳಿಗೆ ಬ್ರಷ್, ಬಯಲಿಗೆ ರೋಲರ್. ಅಂಚು ಒಣಗುವ ಮೊದಲೇ ಪಕ್ಕದ ಪಟ್ಟಿ ಸೇರಿಸಬೇಕು, ಇಲ್ಲವಾದರೆ ಗೆರೆ ಉಳಿಯುತ್ತದೆ. ಡಬ್ಬದ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸಿದರೆ ಬಣ್ಣ ಹೆಚ್ಚು ಬರುತ್ತದೆ, ಬಾಳಿಕೆ ಕಡಿಮೆಯಾಗುತ್ತದೆ. ಗಾರೆ, ಕಾಂಕ್ರೀಟ್ ಮೇಲೆ ಬಣ್ಣ ಹಚ್ಚುವ ಕ್ರಮಕ್ಕೆ ಐಎಸ್ 2395 ಎಂಬ ಭಾರತೀಯ ಮಾನಕವೇ ಇದೆ. ಅದನ್ನು ಓದದ ನಮ್ಮೂರಿನ ಪೇಂಟರ್ ಕೈಯಲ್ಲಿ ಅದೇ ಶಿಸ್ತು ನೋಡಿದೆ.

ಲೆಕ್ಕ ಬರಬೇಕು

ಎಷ್ಟು ಬಣ್ಣ ಬೇಕು ಎಂದು ಅಂದಾಜು ಹೇಳಲು ಹೈಸ್ಕೂಲಿನ ಗಣಿತ ಸಾಕು, ಆದರೆ ತಪ್ಪಬಾರದು. ಒಂದು ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಇದೆ ಎಂದುಕೊಳ್ಳಿ. ನಾಲ್ಕು ಗೋಡೆ ಸೇರಿ 440 ಚದರ ಅಡಿ. 7×3 ಅಡಿಯ ಒಂದು ಬಾಗಿಲು, 4×4 ಅಡಿಯ ಎರಡು ಕಿಟಕಿ ಕಳೆದರೆ 387. ಎರಡು ಕೋಟ್‌ಗೆ 774. ಒಂದು ಲೀಟರ್ ಒಂದು ಕೋಟ್‌ಗೆ 120 ಚದರ ಅಡಿ ಬರುತ್ತದೆ ಎಂದಾದರೆ ಸುಮಾರು ಆರೂವರೆ ಲೀಟರ್ ಬೇಕು. ಸೀಲಿಂಗ್‌ನ 120 ಚದರ ಅಡಿಗೆ ಎರಡು ಕೋಟ್ ಬಿಳಿ ಎಂದರೆ ಎರಡು ಲೀಟರ್. ಡಬ್ಬದ ಮೇಲಿನ ಅಂಕಿ ನಯವಾದ ಗೋಡೆಗೆ ಹೇಳಿದ್ದು. ಒರಟು ಗೋಡೆ ಹೆಚ್ಚು ಕುಡಿಯುತ್ತದೆ. ಆ ಹೆಚ್ಚುವರಿ ಎಷ್ಟು ಎಂಬುದನ್ನು ಅನುಭವವೇ ಹೇಳಬೇಕು. ಕಡಿಮೆ ತಂದು, ಆಮೇಲೆ ಮತ್ತೆ ಬಣ್ಣ ಮಿಕ್ಸ್ ಮಾಡಿಸಿದರೆ ಛಾಯೆ ಸ್ವಲ್ಪ ಬೇರೆಯಾಗಬಹುದು. ಅದಕ್ಕೇ ಒಂದು ಗೋಡೆಗೆ ಬೇಕಾದಷ್ಟನ್ನು ಒಂದೇ ಸಲ ತಂದು, ಒಂದೇ ಬಕೆಟ್‌ನಲ್ಲಿ ಕಲಸಿಕೊಳ್ಳುತ್ತಾರೆ.

ಮೆಂಟೆನೆನ್ಸ್ ಪೇಂಟರ್ ಬೇರೆ

ಹೊಸ ಮನೆಗೆ ಬಣ್ಣ ಹಚ್ಚಿ ಹೋಗುವವರು ಒಂದು ಬಗೆ. ಆಸ್ಪತ್ರೆ, ಹಾಸ್ಟೆಲ್, ಕಾರ್ಖಾನೆ, ಅಪಾರ್ಟ್‌ಮೆಂಟ್‌ಗಳಲ್ಲಿ ವರ್ಷವಿಡೀ ಕಟ್ಟಡ ನೋಡಿಕೊಳ್ಳುವ ಮೆಂಟೆನೆನ್ಸ್ ಪೇಂಟರ್ ಇನ್ನೊಂದು ಬಗೆ. ದೂರು ಬಂದ ಕೋಣೆಗೆ ಹೋಗಿ ನೋಡುವುದು, ಸಣ್ಣ ದುರಸ್ತಿ, ಜನ ಓಡಾಡುವಾಗಲೇ ಧೂಳು ಹಾರದಂತೆ ಕೆಲಸ, ಮರದ ಪಾಲಿಶ್, ಗೇಟಿನ ತುಕ್ಕು, ಪಾರ್ಕಿಂಗ್ ಗೆರೆ, ಕೋಣೆ ಸಂಖ್ಯೆ ಎಲ್ಲವೂ ಅವರದ್ದೇ. ಕಾರ್ಖಾನೆಗಳಲ್ಲಿ ಪೈಪಿನ ಬಣ್ಣಕ್ಕೂ ಅರ್ಥವಿದೆ. ಭಾರತೀಯ ಮಾನಕದ ಪ್ರಕಾರ ನೀರಿನ ಪೈಪಿಗೆ ಸಮುದ್ರ ಹಸಿರು, ಗಾಳಿಯದಕ್ಕೆ ಆಕಾಶನೀಲಿ. ತಪ್ಪು ಬಣ್ಣ ಬಳಿದರೆ ಮುಂದೆ ಯಾರೋ ತಪ್ಪು ವಾಲ್ವ್ ತಿರುಗಿಸುತ್ತಾರೆ.

ಒಳ್ಳೆಯ ಮೆಂಟೆನೆನ್ಸ್ ಪೇಂಟರ್ ಬಳಿ ಒಂದು ನೋಟ್‌ಬುಕ್ ಇರುತ್ತದೆ: ಯಾವ ಕೋಣೆ, ಯಾವ ಬಣ್ಣ, ಅದರ ಕೋಡ್, ಹಚ್ಚಿದ ದಿನಾಂಕ, ಉಳಿದ ಡಬ್ಬ ಎಲ್ಲಿದೆ. ಎರಡು ವರ್ಷದ ಬಳಿಕ ಒಂದು ಕಡೆ ಗೀರು ಬಿದ್ದರೆ ಇಡೀ ಕೋಣೆಗೆ ಬಳಿಯಬೇಕಿಲ್ಲ. ಒಂದೊಂದು ಗೋಡೆಯ ಚರಿತ್ರೆ ಅದರಲ್ಲಿರುತ್ತದೆ. ಕಂಪ್ಯೂಟರ್ ಬಲ್ಲ ನಮ್ಮಂಥವರು ಇದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಇನ್ನೂ ಚೆನ್ನಾಗಿ ಇಡಬಹುದು.

ಏಣಿ, ಧೂಳು, ಕಾರ್ಡು

ಕಷ್ಟಗಳನ್ನು ಮುಚ್ಚಿಟ್ಟು ಈ ವೃತ್ತಿಗೆ ಬನ್ನಿ ಎಂದು ಕರೆಯುವುದು ಸರಿಯಲ್ಲ. ದೊಡ್ಡ ಅಪಾಯ ಬೀಳುವುದು. ಏಣಿ ನಾಲ್ಕು ಅಡಿ ಮೇಲೆ ಹೋದರೆ ಬುಡ ಒಂದು ಅಡಿ ಹೊರಗಿರಬೇಕು ಎಂಬುದು ಲೆಕ್ಕ. ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಕಾಲಿಡಬಾರದು, ಹಲಗೆ ಹಾಕಿಕೊಳ್ಳಬೇಕು. ಮನೆಗೆ ಬರುವ ವಿದ್ಯುತ್ ತಂತಿಯ ಹತ್ತಿರ ಕಬ್ಬಿಣದ ಏಣಿ ಬೇಡ.

ಎರಡನೆಯದು ಕಣ್ಣಿಗೆ ಕಾಣದ ಅಪಾಯ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಕಿಟಕಿ, ಬಾಗಿಲಿನ ಎನಾಮಲ್‌ನಲ್ಲಿ ಸೀಸ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜಿದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯ ಮಕ್ಕಳಿಗೆ ಅದು ಇನ್ನೂ ಕೆಟ್ಟದ್ದು. ನೀರು ಚಿಮುಕಿಸಿ ಉಜ್ಜುವುದು, ಮಾಸ್ಕ್ ಹಾಕುವುದು, ಊಟಕ್ಕೆ ಮೊದಲು ಕೈ ಮುಖ ತೊಳೆಯುವುದು ಇವೆಲ್ಲ ಕೆಲಸದ ಭಾಗವೇ ಆಗಬೇಕು. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು.

ಮೂರನೆಯದು ಮಳೆಗಾಲ. ಹೊರಗಿನ ಕೆಲಸ ನಾಲ್ಕು ತಿಂಗಳು ನಿಲ್ಲುತ್ತದೆ. ಒಳಗಿನ ಗೋಡೆ, ಮರದ ಪಾಲಿಶ್ ಕಲಿತವರು ಹೇಗೋ ನಡೆಸುತ್ತಾರೆ. ಉಳಿದವರು ತೋಟದ ಕೆಲಸಕ್ಕೆ ಹೋಗುತ್ತಾರೆ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಕಟ್ಟಡ ಕಾರ್ಮಿಕರ ಕಾನೂನು ಹೊಸ ಕಟ್ಟಡಕ್ಕಷ್ಟೇ ಸೀಮಿತವಲ್ಲ. ದುರಸ್ತಿ, ನಿರ್ವಹಣೆಯೂ ಅದರಲ್ಲಿ ಸೇರಿದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಇಂಥ ಕೆಲಸ ಮಾಡಿದ್ದರೆ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಪರಿಹಾರ, ಮಕ್ಕಳ ಓದಿಗೆ ಸಹಾಯ, ಪಿಂಚಣಿಯಂಥ ಸೌಲಭ್ಯಗಳು ಆ ಕಾರ್ಡಿನ ಮೇಲೆ ನಿಂತಿವೆ. ನಿಮ್ಮ ಊರಿನ ಪೇಂಟರ್ ಹತ್ತಿರ ಕಾರ್ಡ್ ಇದೆಯೇ ಎಂದು ಒಮ್ಮೆ ಕೇಳಿ. ಇಲ್ಲವಾದರೆ ಅರ್ಜಿ ತುಂಬಿಕೊಡಲು ನಮಗೆ ಅರ್ಧ ಗಂಟೆ ಸಾಕು.

ಕಲಿಯುವುದು ಎಲ್ಲಿ?

ಐಟಿಐಗಳಲ್ಲಿ ‘ಪೇಂಟರ್ ಜನರಲ್’ ಎಂಬ ಎರಡು ವರ್ಷದ ಟ್ರೇಡ್ ಇದೆ. ಎಲ್ಲ ಐಟಿಐಗಳಲ್ಲೂ ಇರುವುದಿಲ್ಲ, ಪ್ರವೇಶದ ಹೊತ್ತಿನಲ್ಲಿ ವಿಚಾರಿಸಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದವರು ಸೇರಬಹುದು. ಅದಾದ ಮೇಲೆ ಅಪ್ರೆಂಟಿಸ್ ಅವಕಾಶವಿದೆ. ನಮ್ಮ ಜಿಲ್ಲೆಯ ಕಾರವಾರದ ನೌಕಾ ಹಡಗು ದುರಸ್ತಿ ಯಾರ್ಡ್‌ನ ಅಪ್ರೆಂಟಿಸ್ ಅಧಿಸೂಚನೆಗಳಲ್ಲಿ ಪೇಂಟರ್ ಟ್ರೇಡ್ ಕಾಣಿಸಿಕೊಂಡದ್ದಿದೆ. ಸಮುದ್ರದ ಉಪ್ಪುಗಾಳಿಯಲ್ಲಿ ಉಕ್ಕನ್ನು ಉಳಿಸುವ ಕೆಲಸ ಗೋಡೆಯ ಕೆಲಸಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಬಣ್ಣದ ಕಂಪನಿಗಳು ಅಲ್ಪಾವಧಿ ತರಬೇತಿ ನಡೆಸುತ್ತವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆಗೊಂದರಂತೆ ಇವೆ, ನಮ್ಮಲ್ಲಿ ಹಳಿಯಾಳದಲ್ಲಿದೆ. ಯಾವ ಬ್ಯಾಚಿನಲ್ಲಿ ಯಾವ ತರಬೇತಿ ಎಂದು ಕೇಳಿಕೊಂಡು ಹೋಗಬೇಕು. ಅನುಭವ ಇದ್ದೂ ಸರ್ಟಿಫಿಕೇಟ್ ಇಲ್ಲದವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಕೇಂದ್ರದ ಕೌಶಲ ಯೋಜನೆಗಳಲ್ಲಿದೆ.

ಕಾಗದ ಯಾಕೆ ಬೇಕು ಎಂದರೆ, 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಗಾರೆ ಕೆಲಸದವರು ಇದ್ದಾರೆ, ಬಣ್ಣ ಹಚ್ಚುವವರು ಇಲ್ಲ. ಕೈಯಲ್ಲಿ ವಿದ್ಯೆ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಾಲ, ಗುರುತಿನ ಚೀಟಿ ಎಲ್ಲಕ್ಕೂ ಅಲೆದಾಟವೇ.

ಹೆಣ್ಣು ಕೊಡುವವರ ಪ್ರಶ್ನೆ

ನಮ್ಮ ಕಡೆ ಯುವಕರು ಈ ಕೆಲಸಕ್ಕೆ ಬಾರದಿರಲು ಕೂಲಿ ಒಂದೇ ಕಾರಣವಲ್ಲ. “ಪೇಂಟರ್ ಅಂದ್ರೆ ಹೆಣ್ಣು ಕೊಡುವವರಿಲ್ಲ” ಎಂದು ನನಗೆ ನೇರವಾಗಿ ಹೇಳಿದವರಿದ್ದಾರೆ. ಅದೇ ಹುಡುಗ ಬೆಂಗಳೂರಿನಲ್ಲಿ ಅದಕ್ಕಿಂತ ಕಡಿಮೆ ಸಂಬಳಕ್ಕೆ ಎಸಿ ರೂಮಿನಲ್ಲಿ ಕುಳಿತರೆ ಪ್ರಶ್ನೆ ಇಲ್ಲ. ಬಣ್ಣ ಹಚ್ಚಿದ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಹಚ್ಚಿದವನಿಗೆ ಜಗುಲಿಯ ಮೂಲೆಯಲ್ಲಿ ಚಾ ಕೊಡುತ್ತಾರೆ. ಈ ರೂಢಿ ಬದಲಾಗದೆ ಯಾವ ತರಬೇತಿ ಕೇಂದ್ರವೂ ತುಂಬುವುದಿಲ್ಲ.

ಎಲ್ಲರೂ ಡಿಗ್ರಿ ಬಿಟ್ಟು ಬ್ರಷ್ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ನಾನೂ ಬಿಇ ಮುಗಿಸುತ್ತೇನೆ. ಆದರೆ ಕಲಿತವರು ಈ ವೃತ್ತಿಗೆ ಬಂದರೆ ಅದು ಕೂಲಿಯಲ್ಲೇ ನಿಲ್ಲಬೇಕಿಲ್ಲ. ತೇವ ಪರೀಕ್ಷೆ, ಬರವಣಿಗೆಯ ಎಸ್ಟಿಮೇಟ್, ಕೆಲಸದ ಗ್ಯಾರಂಟಿ, ವರ್ಷಕ್ಕೊಮ್ಮೆ ಬಂದು ನೋಡಿಹೋಗುವ ಒಪ್ಪಂದ, ಇಷ್ಟನ್ನು ಸೇರಿಸಿ ನಾಲ್ಕು ಜನರ ತಂಡ ಕಟ್ಟಿದರೆ ಶಿರಸಿಯಂಥ ಊರಿನಲ್ಲಿ ಒಂದು ಸಣ್ಣ ಉದ್ಯಮವೇ ಆಗುತ್ತದೆ. ನಮ್ಮ ಕಾಲೇಜುಗಳು ಸಿವಿಲ್ ವಿದ್ಯಾರ್ಥಿಗಳನ್ನು ಹದಿನೈದು ದಿನ ಒಬ್ಬ ಅನುಭವಿ ಪೇಂಟರ್ ಜೊತೆ ಕಳಿಸಿ ಅದಕ್ಕೂ ಇಂಟರ್ನ್‌ಶಿಪ್ ಅಂಕ ಕೊಡಬಹುದು. ಪಾಠ ಮಾಡಿದ ಅವರಿಗೆ ಗೌರವಧನವನ್ನೂ ಕೊಡಬೇಕು.

ಈ ಸಲ ನಿಮ್ಮ ಮನೆಗೆ ಪೇಂಟರ್ ಬಂದಾಗ ಬಣ್ಣದ ಕ್ಯಾಟಲಾಗ್ ಕೇಳುವ ಮೊದಲು ‘ಈ ಗೋಡೆಗೆ ಏನಾಗಿದೆ’ ಎಂದು ಕೇಳಿ ನೋಡಿ. ಉತ್ತರ ಹೇಳಬಲ್ಲವರಾದರೆ ಅವರು ಕೇಳಿದ ದರಕ್ಕೆ ಚೌಕಾಶಿ ಮಾಡಬೇಡಿ.